ಶೇಷಪ್ಪ ಗೌಡರ ಗ್ಯಾರಂಟಿ

ಕೊಪ್ಪದಲ್ಲಿ ಕಾಫಿ ಸಸಿಗೆ ಪ್ಲಾಸ್ಟಿಕ್ ಕುಂಡ ಅಚ್ಚು ಹಾಕುವ ಶೇಷಪ್ಪ ಗೌಡರು ಯಾವ ಮಾಲನ್ನೂ ಮೂಸದೆ ನಂಬುವವರಲ್ಲ. ಯಾರಾದರೂ ಹೊಸ ಪ್ಲಾಸ್ಟಿಕ್ ಕಾಳು ತಂದರೆ ಮೊದಲು ಎರಡನ್ನು ಹಲ್ಲಲ್ಲಿ ಕಡಿದು, ಆಮೇಲೆ ಬೆಂಕಿಕಡ್ಡಿ ಗೀರಿ ಸುಟ್ಟು, ಕಣ್ಣು ಮುಚ್ಚಿ ಹೊಗೆ ಮೂಸಿ, ಅದರ ಕುಲಗೋತ್ರವನ್ನೆಲ್ಲ ಹೇಳಿಬಿಡುತ್ತಾರೆ. "ಇದು ಅಮೆರಿಕದ ಮೆಕ್ಕೆಜೋಳದಿಂದ ಮಾಡಿದ ಪ್ಲಾಸ್ಟಿಕ್ ಸಾರ್, ಮಣ್ಣಲ್ಲಿ ಕರಗುತ್ತೆ, ಪರಿಸರಕ್ಕೆ ಒಳ್ಳೇದು" ಎಂದ ಸೇಲ್ಸ್‌ಮನ್‌ಗೆ, "ಹಡಗು ಹತ್ತಿ, ಲಾರಿ ಹತ್ತಿ, ಘಾಟಿ ಹತ್ತಿ ಬರೋದ್ರೊಳಗೆ ಇದು ಕುಡ್ದ ಡೀಸೆಲ್ ಎಷ್ಟು ಮಾರಾಯ?" ಎಂದು ಕೇಳಿ, ಕಾಫಿ ಕುಡಿಸಿ ಕಳಿಸಿದರು. ಮಣ್ಣಲ್ಲಿ ಕರಗುವ ಕುಂಡಕ್ಕೆ ಅವರ ಆಯ್ಕೆ ನರಸಿಂಹರಾಜಪುರದ ಮರಗೆಣಸಿನ ಹಿಟ್ಟು, ಅಡ್ಡಗದ್ದೆಯ ಭತ್ತದ ಹೊಟ್ಟು. ಅವನ್ನು ಬೆರೆಸಿ ಮಾಡಿದ ಮೊದಲ ಕುಂಡಗಳು ಬಿರಿದವು, ಎರಡನೆಯ ಸಲದವನ್ನು ಇಲಿಗಳು ತಿಂದವು. "ಇಲಿ ತಿಂತು ಅಂದ್ರೆ ಮಣ್ಣೂ ತಿನ್ನುತ್ತೆ" ಎಂದು ಗೌಡರು ಹಿಗ್ಗಿದರು. ಪ್ರತಿ ಸ್ಯಾಂಪಲ್ಲನ್ನೂ ಶೆಡ್ಡಿನ ಹಿಂದೆ ಸಾಲಾಗಿ ಹೂತು, ತಾರೀಖು ಬರೆದ ಗೂಟ ನೆಟ್ಟು, ಶನಿವಾರಕ್ಕೊಮ್ಮೆ ಅಗೆದು ನೋಡುವುದು ಅವರ ವ್ರತ. ಕಳೆದ ಶನಿವಾರ ನಾನೂ ಹೋಗಿದ್ದೆ. ಮರಗೆಣಸಿನ ಕುಂಡ ಹುಡುಕಿದರೂ ಸಿಗದಷ್ಟು ಮಣ್ಣಾಗಿತ್ತು. ಸಾಲಿನ ಮೊದಲ ಗೂಟದ ಬುಡದಲ್ಲಿ ಮಾತ್ರ ಒಂದು ಕೆಂಪು ಪ್ಲಾಸ್ಟಿಕ್ ಚೊಂಬು ಸಿಕ್ಕಿತು. ಅದು ೧೯೮೭ರಲ್ಲಿ ಗೌಡರು ತಾವೇ ಮಾಡಿದ ಮೊದಲ ಮಾಲು, ಹೂತವರೂ ಅವರೇ. ತೊಳೆದರೆ ಹೊಸದರಂತೆ ಹೊಳೆಯಿತು, ತಳದಲ್ಲಿದ್ದ ಅವರ ಹೆಸರಿನ ಒಂದಕ್ಷರವೂ ಮಾಸಿರಲಿಲ್ಲ. ಗೌಡರು ಅದನ್ನು ಮತ್ತೆ ಗುಂಡಿಗಿಟ್ಟು ಮಣ್ಣೆಳೆದರು. "ಎಷ್ಟು ವರ್ಷ ಆದ್ರೂ ಹಾಳಾಗಲ್ಲ ಅಂತ ಊರಿಗೆಲ್ಲ ಗ್ಯಾರಂಟಿ ಕೊಟ್ಟಿದ್ದೆ ಮಾರಾಯ," ಎಂದರು, "ಸುಳ್ಳಾಗ್ಲೇ ಇಲ್ಲ."