ಅಕ್ಷರವಾಗಿ ಪುಣೆಗೆ ಹೋದ ಫೋಟೋ

ಎರಡು ಸಾವಿರದ ಎಂಟರ ಸುಮಾರಿಗೆ ಪೀಣ್ಯದ ಒಂದು ಸಣ್ಣ ಕಂಪನಿಯಲ್ಲಿ ದಾನೇಶ್ವರಿ ಇನ್‌ಸ್ಪೆಕ್ಟರ್ ಆಗಿದ್ದಳು. ಜಮಖಂಡಿ ಕಡೆಯವಳು. ಡಿಪ್ಲೊಮಾ ಮುಗಿಸಿ ಬಂದು ಲಗ್ಗೆರೆಯಲ್ಲಿ ರೂಮು ಹಿಡಿದಿದ್ದಳು. ಎದುರಿಗೆ ಏನು ಕಂಡರೂ ಅದರ ಹೊಟ್ಟೆಯೊಳಗೆ ಏನಿದೆ ಅಂತ ಕೇಳದೆ ಬಿಡುವವಳಲ್ಲ. ಮನೆ ಒಡತಿ ಭಾಗ್ಯಮ್ಮ ನೀರಿನ ಮೋಟರ್ ರಿಪೇರಿ ಮಾಡಿಸಿದ ದಿನ ಇವಳು ಮೆಕ್ಯಾನಿಕ್‌ನ ಪಕ್ಕ ಕುಕ್ಕರಗಾಲಲ್ಲಿ ಕೂತು ಅವನಿಗೆ ಉಸಿರಾಡಲೂ ಬಿಟ್ಟಿರಲಿಲ್ಲ. "ಈ ಹುಡುಗಿಗೆ ಉತ್ತರ ಕೊಟ್ಟು ಕೊಟ್ಟು ನನ್ ಬಾಯಿ ಒಣಗೋಗುತ್ತೆ" ಎಂದು ಭಾಗ್ಯಮ್ಮ ನಗುತ್ತಿದ್ದರು.

ಕಂಪನಿ ಚಿಕ್ಕಬಾಣಾವರದ ಆಚೆಯ ಒಂದು ಫೌಂಡ್ರಿಯಲ್ಲಿ ಪಂಪಿನ ಹೊರಕವಚಗಳನ್ನು ಎರಕ ಹೊಯ್ಯಿಸಿ ಪುಣೆಗೆ ಕಳಿಸುತ್ತಿತ್ತು. ದಾನೇಶ್ವರಿ ಫೌಂಡ್ರಿಗೆ ಹೋಗಿ ಒಂದೊಂದು ಕವಚವನ್ನೂ ತಿರುಗಿಸಿ ನೋಡಿ, ಅನುಮಾನ ಬಂದ ಜಾಗದ ಫೋಟೋ ತೆಗೆದು, ಕಂಪನಿ ಕೊಟ್ಟ ಮೊಬೈಲಿನಿಂದ ಪುಣೆಯ ಗಿರಾಕಿಗೆ ಇಮೇಲ್ ಮಾಡಬೇಕು. ಅಲ್ಲಿಯ ದೇಶಪಾಂಡೆ ಸಾಹೇಬರು ನೋಡಿ ಒಪ್ಪಿದರೆ ಮಾತ್ರ ಲಾರಿ ಹೊರಡುವುದು.

ಫೋಟೋ ಹೋಗಬೇಕಲ್ಲ! ಪರದೆಯ ಮೇಲಿನ ಗೆರೆ ಇರುವೆಯ ಹಾಗೆ ಹರಿಯುತ್ತಿತ್ತು. ಇನ್ನೇನು ಮುಗಿಯಿತು ಅನ್ನುವಾಗ ನೆಟ್‌ವರ್ಕ್ ಹೋಗಿ ಮತ್ತೆ ಮೊದಲಿನಿಂದ ಶುರು. ಹೋಗದ ಮೇಲ್‌ಗೂ ದುಡ್ಡು ಕಟ್ಟಾಗುತ್ತಿತ್ತು. ರೀಚಾರ್ಜ್ ಮಾಡಿಸಿದ್ದು ವಾರವೂ ಬಾಳುತ್ತಿರಲಿಲ್ಲ.

ಲಾರಿ ಡ್ರೈವರ್ ಆಂಜಿನಪ್ಪ ಬೇವಿನ ಮರದ ಕೆಳಗೆ ಟವಲ್ ಹಾಸಿಕೊಂಡು ಕೇಳುತ್ತಿದ್ದ: "ಏನ್ ಮೇಡಂ, ನಿಮ್ ಫೋಟೋ ನಡ್ಕೊಂಡ್ ಓಗ್ತೈತಾ ಪುಣೆಗೆ? ಇಂಗಾದ್ರೆ ನಾನೇ ಮೊದ್ಲು ಓಗ್ಬಿಡ್ತೀನಿ."

ಬೇರೆ ಇನ್‌ಸ್ಪೆಕ್ಟರುಗಳು ನೆಟ್‌ವರ್ಕಿಗೆ ಬೈದು ಸುಮ್ಮನಾಗುತ್ತಿದ್ದರು. ದಾನೇಶ್ವರಿಗೆ ಮಾತ್ರ ತಲೆಯಲ್ಲಿ ಒಂದು ಹುಳು ಹೊಕ್ಕಿತು. ಗಾಳಿಯಲ್ಲಿ ಹೋಗುವ ಫೋಟೋಗೆ ಇಷ್ಟು ಭಾರ ಎಲ್ಲಿಂದ ಬಂತು?

ಒಂದು ಬೆಳಿಗ್ಗೆ ಅವಳು ತನಗೆ ತಾನೇ ಒಂದು ಮೇಲ್ ಕಳಿಸಿಕೊಂಡಳು. ಅದರಲ್ಲಿ ಬರೆದದ್ದು ಒಂದೇ ಒಂದು ಅಕ್ಷರ. ಮಧ್ಯಾಹ್ನ ಆಫೀಸಿಗೆ ಬಂದು ಕಂಪ್ಯೂಟರಿನಲ್ಲಿ ತೆರೆದು ನೋಡಿದರೆ ಆ ಮೇಲ್ ಸಣ್ಣ ಫೋಟೋದಷ್ಟು ತೂಗುತ್ತಿತ್ತು. ಅವಳು ನೇರವಾಗಿ ಹೋದದ್ದು ಆಫೀಸಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದ ಕೃಪಾಳ ಹತ್ತಿರ.

"ಮೇಡಂ, ನಾ ಒಂದ ಅಕ್ಷರ ಬರದೇನ್ರಿ. ಇದು ಇಷ್ಟ್ಯಾಕ ದಪ್ಪ ಆಗೇತಿ?"

ಕೃಪಾ ಆ ಮೇಲ್‌ನ ಬಾಲ ತೋರಿಸಿದಳು. "ಇಲ್ನೋಡಿ, ಕಂಪನಿ ಲೋಗೋ. ನೀವು ಏನೇ ಕಳಿಸಿದ್ರೂ ಇದು ಜೊತೆಗೆ ಅಂಟ್ಕೊಂಡು ಹೋಗುತ್ತೆ. ನೀವು ರಿಪ್ಲೈ ಮಾಡಿದ್ರಂತೂ ಹಳೇ ಮೇಲ್‌ಗಳೆಲ್ಲ ಕೆಳಗಡೆ ಸಾಲಾಗಿ ಬರ್ತಾವೆ."

"ಮತ್ತ ಫೋಟೋ?"

"ಅದು ಇನ್ನೂ ಮಜಾ ಇದೆ ಕಣ್ರೀ" ಎಂದ ಕೃಪಾ, ಹಳೆಯದೊಂದು ಮೇಲ್‌ನ ಒಳರೂಪವನ್ನು ತೆರೆದಳು. ಪರದೆ ತುಂಬ ಇಂಗ್ಲಿಷ್ ಅಕ್ಷರಗಳು, ಅಂಕಿಗಳು. ಎಷ್ಟು ಕೆಳಗೆ ಎಳೆದರೂ ಮುಗಿಯದು. "ಇದೇ ನಿಮ್ಮ ಫೋಟೋ. ಮೇಲ್ ಮೊದ್ಲಿಂದ್ಲೂ ಅಕ್ಷರ ಹೊರೋಕೆ ಅಂತ ಮಾಡಿದ್ದು. ಅದಕ್ಕೆ ಫೋಟೋನ ಅಕ್ಷರ ಮಾಡಿ ಕಳಿಸುತ್ತೆ. ಹಾಗೆ ಮಾಡುವಾಗ ಮೂರನೇ ಒಂದು ಪಾಲಿನಷ್ಟು ಊದ್ಕೊಳ್ಳುತ್ತೆ."

ದಾನೇಶ್ವರಿ ಕುರ್ಚಿ ಎಳೆದುಕೊಂಡು ಕೂತುಬಿಟ್ಟಳು. ತಾನು ತೆಗೆದ ಕಬ್ಬಿಣದ ಚಿತ್ರ ಇಷ್ಟು ದಿನ ಅಕ್ಷರವಾಗಿ ಪುಣೆಗೆ ಹೋಗಿ, ಅಲ್ಲಿ ಮತ್ತೆ ಕಬ್ಬಿಣವಾಗಿ ಕಾಣುತ್ತಿತ್ತೇ! ಅವಳು ಆ ಸಾಲುಗಳನ್ನು ಓದಲು ಹೋದಳು. ಕೃಪಾಳಿಗೆ ನಗು ತಡೆಯಲಾಗಲಿಲ್ಲ.

ಅವತ್ತಿನಿಂದ ಊಟದ ಹೊತ್ತಿನಲ್ಲಿ ಇಬ್ಬರಿಗೂ ಇದೇ ಕೆಲಸ. ಲೋಗೋ ತೆಗೆದರು. ಹಳೇ ಮೇಲ್‌ಗೆ ಉತ್ತರಿಸುವ ಬದಲು ಪ್ರತಿ ಸಲ ಹೊಸದನ್ನೇ ಬರೆಯುವುದು. ಬರುವ ಮೇಲ್‌ಗಳ ತಲೆಬರಹ ಮಾತ್ರ ಮೊದಲು ಇಳಿಯುವ ಹಾಗೆ ಫೋನಿನಲ್ಲಿ ಬದಲಾಯಿಸಿದರು. ಫೋಟೋಗಳನ್ನು ಒಟ್ಟಿಗೆ ಕಟ್ಟದೆ ಬಿಡಿಬಿಡಿಯಾಗಿ ಕಳಿಸಿದರೆ ನೆಟ್‌ವರ್ಕ್ ಹೋದಾಗ ಒಂದೇ ಫೋಟೋ ಹಾಳಾಗುತ್ತದೆ, ಉಳಿದವು ಬಚಾವು. ಅದು ಕೃಪಾಳ ಯೋಚನೆ. ಫೋಟೋದಲ್ಲಿ ಕವಚವನ್ನೆಲ್ಲ ಬಿಟ್ಟು ದೋಷದ ಜಾಗವನ್ನಷ್ಟೇ ಕತ್ತರಿಸಿ ಕಳಿಸುವುದು ದಾನೇಶ್ವರಿಯದು.

ಮುಂದಿನ ಲೋಡಿನ ದಿನ ಫೋಟೋಗಳು ಸರಸರನೆ ಹೋದವು. ಆಂಜಿನಪ್ಪ ಇನ್ನೂ ಟವಲ್ ಹಾಸಿರಲಿಲ್ಲ, ಆಗಲೇ ಫೋನು ಬಡಿದುಕೊಂಡಿತು. ಉತ್ತರ ಮೇಲ್‌ನಲ್ಲಿ ಬಂದಿರಲಿಲ್ಲ. ದೇಶಪಾಂಡೆ ಸಾಹೇಬರೇ ಮಾತಾಡುತ್ತಿದ್ದರು, ಇಂಗ್ಲಿಷಿನಲ್ಲಿ, ದನಿ ಏರಿಸಿ. ಇಷ್ಟು ದೊಡ್ಡ ಗುಂಡಿ ಬಿದ್ದ ಮಾಲನ್ನು ಕಳಿಸಲು ನಿಮಗೆ ಮನಸ್ಸಾದರೂ ಹೇಗೆ ಬಂತು? ಲಾರಿಯಿಂದ ಇಳಿಸಿ!

ಗುಂಡಿ? ದಾನೇಶ್ವರಿ ಕವಚದ ಹತ್ತಿರ ಓಡಿದಳು. ಅಲ್ಲಿದ್ದದ್ದು ಸೂಜಿ ಮೊನೆ ಹೋಗುವಷ್ಟು ತೂತು. ಆಮೇಲೆ ತಾನು ಕಳಿಸಿದ ಫೋಟೋವನ್ನು ಫೋನಿನಲ್ಲಿ ತೆರೆದು ನೋಡಿದಳು. ಸುತ್ತಲಿನದೆಲ್ಲ ಕತ್ತರಿಸಿ ಹೋದ ಮೇಲೆ ಆ ತೂತು ಪರದೆ ತುಂಬ ಬಾವಿಯ ಹಾಗೆ ಬಾಯಿ ಬಿಟ್ಟುಕೊಂಡಿತ್ತು. ಚಿಕ್ಕದೋ ದೊಡ್ಡದೋ ಹೇಳಲು ಪಕ್ಕದಲ್ಲಿ ಏನೂ ಇರಲಿಲ್ಲ. ಹೊರೆ ಇಳಿಸುವ ಹುಮ್ಮಸ್ಸಿನಲ್ಲಿ ಬೇಕಾದ್ದನ್ನೂ ಇಳಿಸಿಬಿಟ್ಟಿದ್ದಳು.

"ಆಂಜಿನಪ್ಪಣ್ಣ, ಬೆಂಕಿಪೊಟ್ಣ ಐತೇನ್ರಿ?"

"ಯಾಕ್ ಮೇಡಂ, ಫೋಟೋ ಸುಡ್ತೀರಾ?"

ಅವನು ಕೊಟ್ಟ ಪೊಟ್ಟಣದಿಂದ ಒಂದು ಕಡ್ಡಿ ತೆಗೆದು ತೂತಿನ ಪಕ್ಕ ಇಟ್ಟು ಮತ್ತೆ ಫೋಟೋ ತೆಗೆದಳು. ಕಡ್ಡಿಯ ಮದ್ದಿನ ತಲೆಯ ಮುಂದೆ ತೂತು ಚುಕ್ಕಿಯಾಗಿ ಕಂಡಿತು. ಕಳಿಸಿ, ಮರದ ಕೆಳಗೆ ನಿಂತೇ ಇದ್ದಳು. ಸ್ವಲ್ಪ ಹೊತ್ತಿಗೆ ಸಾಹೇಬರ ಫೋನು ಬಂತು. ಈ ಸಲ ಅವರು ನಗುತ್ತಿದ್ದರು. ಲಾರಿ ಬಿಡಿ, ಇನ್ನು ಮುಂದೆ ಎಲ್ಲ ಫೋಟೋದಲ್ಲೂ ಕಡ್ಡಿ ಇರಲಿ ಎಂದರು.

ಮುಂದೆ ಉಳಿದ ಇನ್‌ಸ್ಪೆಕ್ಟರುಗಳೂ ಇದನ್ನೇ ಹಿಡಿದರು. ರೇವಣಸಿದ್ದ ಎಂಬುವನೊಬ್ಬ ಮಾತ್ರ ಲೋಗೋ ಇಲ್ಲದಿದ್ದರೆ ಮರ್ಯಾದೆ ಇರುವುದಿಲ್ಲ ಎಂದು ಕೊನೆಯವರೆಗೂ ತೆಗೆಯಲಿಲ್ಲ. ಕೆಲವು ವರ್ಷಕ್ಕೆ ತ್ರೀಜಿ ಬಂದು, ಎಷ್ಟು ದಪ್ಪ ಫೋಟೋ ಆದರೂ ಕಣ್ಣು ಮಿಟುಕಿಸುವುದರಲ್ಲಿ ಹೋಗತೊಡಗಿತು. ಕೃಪಾ ವೈಟ್‌ಫೀಲ್ಡಿನ ಕೆಲಸಕ್ಕೆ ಹೋದಳು. ದಾನೇಶ್ವರಿ ಅದೇ ಕಂಪನಿಯಲ್ಲಿ ಇನ್‌ಸ್ಪೆಕ್ಷನ್ನಿನ ಮುಖ್ಯಸ್ಥೆಯಾದಳು. ಭಾನುವಾರ ಇಬ್ಬರೂ ಸೇರಿದರೆ ದಾನೇಶ್ವರಿ ಈಗಲೂ ಏನಾದರೊಂದು ಕೆದಕುತ್ತಾಳೆ. ಹೋದ ಸಲ ಕೇಳಿದ್ದು ಇದು: "ವಿಡಿಯೋ ಕಾಲ್‌ನ್ಯಾಗ ನೀ ಅಲುಗಾಡದ ಕುಂತ್ರ, ಡೇಟಾ ಕಡಿಮಿ ಹೋಗತೈತೇನು?"

ಕೃಪಾ "ತಡಿ, ನೋಡೇಬಿಡೋಣ" ಎಂದು ಫೋನು ಕೈಗೆತ್ತಿಕೊಂಡಳು.