ಬೇವು ಹಚ್ಚಿಕೊಂಡ ದಿನಗಳು

ಮಗಳಿಗೆ ಮೊಲೆ ಬಿಡಿಸಲು ನಾನು ಬೇವಿನ ಸೊಪ್ಪು ಅರೆದು ಎದೆಗೆ ಹಚ್ಚಿಕೊಂಡದ್ದು ಮಣ್ಣೂರಿನ ಮನೆಯಲ್ಲಿ. ದೇಶಕ್ಕೆ ಸ್ವಾತಂತ್ರ್ಯ ಬಂದು ಕೆಲವು ತಿಂಗಳಾಗಿದ್ದವು. ನಮ್ಮ ಕಡೆ ಇನ್ನೂ ನಿಜಾಮರ ಆಳ್ವಿಕೆಯೇ. ಗಂಡಸರು ಕಟ್ಟೆಯ ಮೇಲೆ ಕೂತು ಅದನ್ನೇ ಮಾತಾಡುತ್ತಿದ್ದರು. ನನಗೆ ಅದಕ್ಕೆಲ್ಲ ಪುರುಸೊತ್ತು ಇರಲಿಲ್ಲ. ಒಂದೂ ಮುಕ್ಕಾಲು ವರ್ಷದ ಮಗಳು ಎದೆಗೆ ಬಾಯಿಟ್ಟು, ಮುಖ ಕಿವುಚಿ ಅಳುತ್ತಿದ್ದಳು. ಅತ್ತೆ ಕೂಡಲೇ ಅವಳ ಬಾಯಿಗೆ ಬೆಲ್ಲದ ಚೂರು ಇಡುತ್ತಿದ್ದರು. ಆಮೇಲೆ ಹಾಲಲ್ಲಿ ನೆನೆಸಿದ ಜೋಳದ ರೊಟ್ಟಿ. ಐದು ದಿನಕ್ಕೆ ಅವಳ ಹಟವೂ ಇಳಿಯಿತು, ನನ್ನ ಹಾಲೂ ಇಳಿಯಿತು.

ಆರನೆಯ ದಿನ ಮೈದುನನ ಹೆಂಡತಿ ಏಳು ತಿಂಗಳಿಗೇ ಗಂಡು ಹೆತ್ತಳು. ಅವಳಿಗೆ ಜ್ವರ ಏರಿ ಹಾಲೇ ಬರಲಿಲ್ಲ. ಕೂಸಿಗೂ ಮೊಲೆ ಚೀಪುವ ಶಕ್ತಿಯಿರಲಿಲ್ಲ. ಹೆರಿಗೆ ಮಾಡಿಸಿದ ಮಸೀದಿ ಓಣಿಯ ಮುದುಕಿ ನನ್ನ ಕಡೆ ತಿರುಗಿದಳು.

“ಬೇಟಿ, ನಿನ್ನ ಹಾಲು ಬತ್ತಾಕ ಬಿಡಬ್ಯಾಡ. ದಿನಾ ಐದಾರು ಸಲ ಕೈಲೆ ಹಿಂಡಿ ತೆಗಿ. ತೆಗದಷ್ಟೂ ಬರ್ತದ.”

“ಹಂಗಾದ್ರ ನನ್ನ ಮಗಳಿಗೂ ಕುಡಸ್ತೇನಿ,” ಅಂದೆ.

“ಆಕಿ ರೊಟ್ಟಿ ತಿಂತಾಳ. ಇವ ಏನು ತಿಂತಾನ?”

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಆದರೂ ಎದ್ದು ಒಂದು ಬಟ್ಟಲು ತಂದೆ.

ಜೋಳದ ಚೀಲಗಳ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂರುತ್ತಿದ್ದೆ. ಬಿಸಿನೀರಲ್ಲಿ ಅದ್ದಿದ ಬಟ್ಟೆಯಿಂದ ಕಾವು ಕೊಟ್ಟು, ಮುದುಕಿ ತೋರಿಸಿದಂತೆ ಬೆರಳಿಂದ ಒತ್ತಿ ಹಿಂಡುತ್ತಿದ್ದೆ. ಮೊದಲ ದಿನ ಬಟ್ಟಲಿನ ತಳವೂ ಮುಚ್ಚಲಿಲ್ಲ. ಹೊರಗೆ ಮಗಳು ಬಾಗಿಲು ಬಡಿದು ಅತ್ತಾಗ ಮಾತ್ರ ಹಾಲು ತಾನಾಗಿ ಒಸರುತ್ತಿತ್ತು. ಅವಳ ಅಳುವಿಗೆ ಬಂದ ಹಾಲನ್ನು ಇನ್ನೊಂದು ಕೂಸಿಗೆ ಹಿಂಡುವುದು ನನಗೆ ಕಳ್ಳತನ ಅನಿಸುತ್ತಿತ್ತು. ಆದರೂ ಹಿಂಡಿದೆ. ಅತ್ತೆ ಅದನ್ನು ಒಳಲೆಗೆ ಸುರಿದು ಕೂಸಿನ ಬಾಯಿಗೆ ಹನಿಹನಿಯಾಗಿ ಬಿಡುತ್ತಿದ್ದರು. ವಾರ ಕಳೆಯುವಷ್ಟರಲ್ಲಿ ಬಟ್ಟಲು ಅರ್ಧ ತುಂಬತೊಡಗಿತು.

ಒಂದು ಮುಂಜಾನೆ ಕೂಸು ಹಾಲು ಉಗುಳಿತು. ಮತ್ತೆ ಹಾಕಿದರೆ ಮುಖ ತಿರುಗಿಸಿತು. ಬಾಣಂತಿ ಮಲಗಿದಲ್ಲೇ ಅಳತೊಡಗಿದಳು. ಅತ್ತೆ ಗಾಣಗಾಪುರದ ದತ್ತನಿಗೆ ಹರಕೆ ಹೊತ್ತರು. ಮುದುಕಿ ಬಂದವಳೇ ಒಳಲೆಯಲ್ಲಿ ಬೆರಳದ್ದಿ ನೆಕ್ಕಿ ಮುಖ ಕಿವುಚಿದಳು.

“ಎದಿ ತೊಳಕೊಂಡಿಯೇನು?”

ತೊಳೆದಿರಲಿಲ್ಲ. ಬೆಳಿಗ್ಗೆ ಮಗಳು ಸೆರಗು ಎಳೆದಳೆಂದು ಬೇವು ಹಚ್ಚಿಕೊಂಡಿದ್ದೆ; ಅದೇ ಎದೆ, ಅದೇ ಕೈಯಿಂದ ಹಾಲು ಹಿಂಡಿದ್ದೆ. ಅತ್ತೆ ಬೈದರು. ಯಾವ ಮಾತಿಗೂ ಎದುರುತ್ತರ ಕೊಡುವ ನಾನು ಅಂದು ತಲೆ ತಗ್ಗಿಸಿ ಬಚ್ಚಲಿಗೆ ಹೋದೆ. ಕಡಲೆಹಿಟ್ಟು ಹಚ್ಚಿ ಮೂರು ಸಲ ತೊಳೆದು, ಮತ್ತೆ ಹಿಂಡಿದ ಹಾಲು ಬಹಳ ಕಡಿಮೆ. ಆದರೆ ಕೂಸು ನುಂಗಿತು. ಮುದುಕಿ ನಕ್ಕಳು, ನಾನೂ ನಕ್ಕೆ.

ಒಂದೂವರೆ ತಿಂಗಳಿಗೆ ಕೂಸಿನ ಕೈಕಾಲು ತುಂಬಿದವು. ಇನ್ನು ಎದೆಗೇ ಹಾಕಿಕೊ ಎಂದಳು ಮುದುಕಿ. ಬಾಣಂತಿ ಎದ್ದು ಕೂರುವಂತಾಗಿದ್ದರೂ ಅವಳಿಗೆ ಹಾಲು ಬಂದಿರಲಿಲ್ಲ. ಮಗಳು ಮಲಗಿದ್ದಾಳೆಂದುಕೊಂಡು ಪಡಸಾಲೆಯಲ್ಲಿ ಕೂತು ಕುಡಿಸತೊಡಗಿದೆ. ಕೂಸು ಬಾಯಿಟ್ಟು ಎಳೆಯಿತು. ತಲೆ ಎತ್ತಿದರೆ ಮಗಳು ಎದುರಿಗೆ ನಿಂತಿದ್ದಳು.

ಇನ್ನು ರಂಪ ಮಾಡುತ್ತಾಳೆ ಎಂದು ಹೆದರಿದೆ. ಅವಳು ಕೂಸಿನ ಮುಖ ನೋಡಿ, “ತಮ್ಮಾ, ಕಹಿ ಅದ,” ಅಂದಳು. ಅಡುಗೆಮನೆಗೆ ಓಡಿದಳು. ಅತ್ತೆಯಿಂದ ಬೆಲ್ಲದ ಚೂರು ಇಸಿದುಕೊಂಡು ಬಂದು, ನನ್ನ ಎದೆಗೂ ಅವನ ತುಟಿಗೂ ನಡುವೆ ತುರುಕತೊಡಗಿದಳು.

ಅವಳ ಕೈ ಹಿಡಿದುಕೊಂಡೆ. ಕಹಿ ಇಲ್ಲವ್ವಾ ಅಂದರೆ ಅವಳೂ ಎದೆ ಕೇಳುತ್ತಿದ್ದಳು; ಆ ಬೆಲ್ಲವನ್ನು ಅವಳ ಬಾಯಿಗೇ ಇಟ್ಟೆ.