ಮೂರನೆಯ ಸಲ ಕರೆದಾಗ

ದುಬೈಗೆ ಬಂದ ಎರಡನೆಯ ವರ್ಷ, ಹಾಡಹಗಲೇ, ನನ್ನ ಮಗಳಿದ್ದ ತರಗತಿಯ ಬಾಗಿಲು ತಟ್ಟುತ್ತಾ ನಿಂತಿದ್ದೆ. ಒಳಗೆ ಇಪ್ಪತ್ತಾರು ಮಕ್ಕಳು. ದೀಪವಿಲ್ಲ, ಒಂದು ಕೆಮ್ಮೂ ಇಲ್ಲ. "ಅನ್ವೀ, ಅಮ್ಮ ಬಂದಿದ್ದೇನೆ, ಬಾಗಿಲು ತೆಗಿ ಮಗಾ" ಎಂದೆ. ಎಂಟು ವರ್ಷದ ಅನ್ವಿ ತೆಗೆಯಲಿಲ್ಲ. ಪಕ್ಕದಲ್ಲಿದ್ದ ಅಮೆರಿಕದ ಟೀಚರ್ ಡಾನಾ ಹೆಬ್ಬೆರಳೆತ್ತಿ ಮೆಚ್ಚಿಗೆ ಸೂಚಿಸಿದಳು.

ಅದು ಅಮೆರಿಕದ ಪಠ್ಯಕ್ರಮದ ಶಾಲೆ. ನಾನಲ್ಲಿ ಸಹಾಯಕ ಶಿಕ್ಷಕಿ. ಪಠ್ಯದ ಜೊತೆ ಅಲ್ಲಿನ ಜಗಳಗಳೂ ಬಂದಿದ್ದವು. ಸ್ಟಾಫ್ ರೂಮಿನಲ್ಲಿ ಚಹಾ ಹೀರುತ್ತಾ ಟೀಚರುಗಳ ಕೈಗೂ ಬಂದೂಕು ಕೊಡಬೇಕೆಂದು ಗಣಿತದ ಮೇಷ್ಟ್ರು, ಬಂದೂಕನ್ನೇ ನಿಷೇಧಿಸಬೇಕೆಂದು ಡಾನಾ ವಾದಿಸುತ್ತಿದ್ದರು. ಇಬ್ಬರೂ ಒಪ್ಪುತ್ತಿದ್ದದ್ದು ಈ ತಾಲೀಮನ್ನು ಮಾತ್ರ: ಬಂದೂಕಿನವನು ನುಗ್ಗಿದರೆ ಮಕ್ಕಳು ದೀಪ ಆರಿಸಿ, ಗೋಡೆಗೊರಗಿ ಕೂರಬೇಕು, ಗುರುತಿನ ದನಿ ಕರೆದರೂ ಬಾಗಿಲು ತೆರೆಯಬಾರದು. ಗುರುತಿನ ದನಿಗೆ ನನ್ನನ್ನು ಆರಿಸಿದ್ದರು. ನಾನೂ ಜಂಬದಿಂದಲೇ ಒಪ್ಪಿದ್ದೆ. ಉಡುಪಿಯಲ್ಲಿ ನಾನು ಕಲಿತ ಶಾಲೆಯ ಬಾಗಿಲಿಗೆ ಚಿಲಕವೇ ಇರಲಿಲ್ಲ, ಪಾಠದ ನಡುವೆ ಆಡು ಬಂದು ಹೋಗುತ್ತಿತ್ತು.

ಆ ಸಂಜೆ ಇಂಟರ್‌ನ್ಯಾಷನಲ್ ಸಿಟಿಯ ನಮ್ಮ ಫ್ಲಾಟಿನಿಂದ ಕೆಳಗಿನ ಬಕಾಲಾಕ್ಕೆ, ಅಂದರೆ ದಿನಸಿ ಅಂಗಡಿಗೆ, ಅನ್ವಿಯನ್ನು ಮನೆಯಲ್ಲೇ ಬಿಟ್ಟು ಮೊಸರು ತರಲು ಹೋದೆ. ಗಂಡ ಇನ್ನೂ ಜೆಬೆಲ್ ಅಲಿಯಿಂದ ಕಂಪನಿ ಬಸ್ಸಿನಲ್ಲಿ ಬರಬೇಕಿತ್ತು. ಮೇಲೆ ಬಂದರೆ ಬಾಗಿಲಿಗೆ ಒಳಗಿನಿಂದ ಚಿಲಕ.

"ಅನ್ವೀ!"

ಬಾಗಿಲಡಿಯ ಬೆಳಕಿನ ಗೆರೆ ಆರಿಹೋಯಿತು.

"ನಾನೇ ಮಾರಾಯ್ತಿ, ಅಮ್ಮ!"

ಒಂದೇ ತೆರನ ಬಾಗಿಲುಗಳ ಆ ಉದ್ದನೆಯ ಕಾರಿಡಾರಿನಲ್ಲಿ ನನ್ನ ಮಾತು ನನಗೇ ಬೇರೆ ಯಾರದೋ ಎಂಬಂತೆ ಕೇಳಿಸಿತು. ಬೆಳಿಗ್ಗೆ ನನ್ನ ದನಿಯನ್ನು ಯಾವನೋ ಕೊಲೆಗಡುಕನಿಗೆ ಎರವಲು ಕೊಟ್ಟಿದ್ದೆ. ಇನ್ನು ಈ ಮಗು ಎಂದಾದರೂ ಅದನ್ನು ನಂಬೀತೇ? ಹೆದರಿಕೆಯಾಗಿ ಅಳುತ್ತಲೇ ಮತ್ತೊಮ್ಮೆ ಕರೆದೆ. ಚಿಲಕ ಸರಿಯಿತು.

"ಎಂತಕ್ಕೆ ಮಗಾ ಮೊದಲೇ ತೆಗೀಲಿಲ್ಲ?"

"ಯೂ ಕಾಲ್ಡ್ ಓನ್ಲಿ ಟ್ವೈಸ್, ಅಮ್ಮಾ. ಕುಲೆ ಮೂರು ಸಲ ಕರೆಯುದಿಲ್ಲಂತೆ. ಅಜ್ಜಿ ಫೋನಿನಲ್ಲಿ ಹೇಳಿದ್ದು."

ಕುಲೆ ಅಂದರೆ ತುಳುವಿನಲ್ಲಿ ಸತ್ತವರ ಪ್ರೇತ. ಕತ್ತಲಾದ ಮೇಲೆ ಯಾರಾದರೂ ಹೊರಗಿನಿಂದ ಕರೆದರೆ ಮೂರನೆಯ ಸಲಕ್ಕೇ ಓಗೊಡಬೇಕೆಂದು ಅಮ್ಮ ನನಗೂ ಕಲಿಸಿದ್ದಳು. ಅದನ್ನು ಮೂಢನಂಬಿಕೆಯೆಂದು ನಕ್ಕು ವಿಮಾನ ಹತ್ತಿದವಳು ನಾನು. ಶಾಲೆಯ ನಿಯಮದಲ್ಲಿ ತಾಯಿಗೆ ಒಳಬರಲು ದಾರಿ ಇರಲಿಲ್ಲ. ಅಮ್ಮ ಹೇಳಿದ ಪ್ರೇತದ ಕತೆಯಲ್ಲಿ ಇತ್ತು.

ಮುಂದಿನ ತಾಲೀಮಿಗೆ ದನಿ ಕೊಡಲಾರೆ ಎಂದು ಡಾನಾಳಿಗೆ ಹೇಳಿಬಿಟ್ಟೆ. ಮನೆಯಲ್ಲಿ ಮಾತ್ರ ಈಗಲೂ ಮೂರು ಸಲ ಕರೆಯುತ್ತೇನೆ. ರಜೆಗೆ ಉಡುಪಿಗೆ ಹೋದಾಗಲೂ ಅಂಗಳದಲ್ಲಿ ನಿಂತು ಕರೆಯುತ್ತೇನೆ. ಎರಡನೆಯದಕ್ಕೇ ಅಮ್ಮ ನಗುತ್ತಾಳೆ: "ಬಾಗಿಲು ತೆರೆದೇ ಉಂಟಲ್ಲ ಮಗಾ, ಒಳಗೆ ಬಾ."

ನಾನು ಹೊಸ್ತಿಲಾಚೆಯೇ ನಿಂತಿರುತ್ತೇನೆ. ಇನ್ನೊಂದು ಸಲ ಕರೆಯುವುದು ಬಾಕಿ ಇರುತ್ತದೆ.